ಟೋಕಿಯೊದಲ್ಲಿ ತುಂಬಿದ ಉಡಿ

ಬ್ಯಾಡಗಿ

ನಮ್ಮ ಓಣಿಯಿಂದ ಜಪಾನಿಗೆ ಹೋಗಿ ಬಂದವರು ನಾವಿಬ್ಬರೇ, ನಾನು ಮತ್ತು ನನ್ನ ನೆಗೆಣ್ಣಿ ರತ್ನಾ. ಬಂದ ಮೇಲೆ ಮಾತಾಡಿಸಲು ಬಂದವರೆಲ್ಲ ಬುಲೆಟ್ ರೈಲಿನ ಸುದ್ದಿ ಕೇಳಿದರು, ಹಿಮದ ಬೆಟ್ಟದ ಸುದ್ದಿ ಕೇಳಿದರು. ಎರಡನ್ನೂ ನಾವು ನೋಡಲಿಲ್ಲ. ನೋಡಿದ್ದು ಒಂದು ಕಂಪನಿಯ ಕೋಣೆ, ಒಂದು ಕ್ಷೌರದ ಅಂಗಡಿ. ಇದನ್ನು ಕೇಳಿ ನಮ್ಮತ್ತೆ ಹುಬ್ಬು ಏರಿಸಿದರು. "ಕ್ಷೌರದ ಅಂಗಡಿ ನೋಡಾಕ ಅಷ್ಟ ದೂರ ಹೋದ್ರೇನವಾ? ನಮ್ಮ ಬಜಾರದಾಗ ಇದ್ದಿದ್ದಿಲ್ಲೇನ?" ಅಂದರು. ಅವರಿಗೆ ಆಗ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ರತ್ನಾ ನನ್ನ ಮೈದುನನ ಹೆಂಡತಿ. ನಮ್ಮ ಮನೆಗೆ ಸೊಸೆಯಾಗಿ ನಡೆಯಲು ಬಂದ ಮರುವರ್ಷವೇ ಖಾರದ ಗಿರಣಿಯ ಬೆಲ್ಟು ಅವಳ ಬಲಗೈಯನ್ನು ಮಣಿಕಟ್ಟಿನ ತನಕ ಒಯ್ದಿತು. ಆ ದಿನಗಳನ್ನು ಇಲ್ಲಿ ಬರೆಯುವುದಿಲ್ಲ. ಉಳಿದ ಎಡಗೈಗೆ ಏನಾಯಿತು ಅನ್ನುವುದನ್ನು ಮಾತ್ರ ಹೇಳಬೇಕು. ನಮ್ಮಲ್ಲಿ ಎಡಗೈಯಿಂದ ಕುಂಕುಮ ಹಚ್ಚುವ ಹಾಗಿಲ್ಲ, ಎಡಗೈಯಿಂದ ಎಡೆ ಬಡಿಸುವ ಹಾಗಿಲ್ಲ. ಇರುವುದೇ ಅದೊಂದು ಕೈಯಾದರೆ ಹೇಗೆ ಅನ್ನುವುದನ್ನು ಹಿರಿಯರು ಹೇಳಿಟ್ಟು ಹೋಗಿಲ್ಲ. ಮಂದಿ ಕೆಟ್ಟವರಲ್ಲ. ಕರೆಯುವುದನ್ನು ಒಂದೊಂದೇ ಮರೆತರು, ಅಷ್ಟೆ.

ಮೆಣಸಿನಕಾಯಿಯ ಬಣ್ಣ ಹುಡುಕಿಕೊಂಡು ಜಪಾನಿನ ವ್ಯಾಪಾರಸ್ಥರು ಬ್ಯಾಡಗಿಗೆ ಬಂದಾಗ ಅವರ ಸಂಗಡ ಹಿಂದಿ ಬಲ್ಲ ಒಬ್ಬ ಹೆಣ್ಣುಮಗಳು ಬಂದಿದ್ದಳು, ಹರುಕೊ ಅಂತ. ಪೇಟೆಯ ಮಂದಿ ಆಕೆಯನ್ನು ಎರಡೇ ದಿನದಲ್ಲಿ ಹರುಕೊಬಾಯಿ ಮಾಡಿದರು. ಒಂದು ಮಧ್ಯಾಹ್ನ ನಮ್ಮ ಮನೆಯಲ್ಲಿ ರೊಟ್ಟಿ ಉಂಡಳು. ರತ್ನಾ ಮೊಣಕಾಲಿನಲ್ಲಿ ಪರಾತ ಒತ್ತಿ ಹಿಡಿದು ಒಂದೇ ಕೈಯಲ್ಲಿ ಹಿಟ್ಟು ನಾದುವುದನ್ನು ಆಕೆ ಉಣ್ಣುವುದು ಬಿಟ್ಟು ನೋಡಿದಳು. ಮುಂದಿನ ಸಲ ಬಂದಾಗ ಆಕೆಯ ಚೀಲದಲ್ಲಿ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಇತ್ತು.

ಅದರ ಹೆಸರು ಗೊಕ್ಕೊ. ಮನೆಯಲ್ಲೇ ಕುಳಿತು ಸ್ಕ್ರೀನ್ ಪ್ರಿಂಟಿಂಗ್ ಮಾಡುವ ಯಂತ್ರ. ಊಟದ ಡಬ್ಬಿಗಿಂತ ತುಸು ದೊಡ್ಡದು, ಪುಸ್ತಕದ ಹಾಗೆ ಬಾಯಿ ತೆರೆಯುತ್ತದೆ. ಕರಿ ಶಾಯಿಯ ಬರಹವನ್ನು ಅದರೊಳಗಿಟ್ಟು, ಮೇಲೆ ಎರಡು ಬಲ್ಬು ಸಿಕ್ಕಿಸಿ ಒತ್ತಿದರೆ ಫಟ್ಟನೆ ಮಿಂಚು ಹೊಡೆಯುತ್ತದೆ. ಆ ಕಾವಿಗೆ ತೆಳ್ಳನೆಯ ಜಾಲರಿಯಲ್ಲಿ ಬರಹದ ಆಕಾರಕ್ಕೇ ತೂತು ಬೀಳುತ್ತವೆ. ಬಲ್ಬಿನ ಆಯುಷ್ಯ ಅಲ್ಲಿಗೆ ತೀರಿತು, ಇನ್ನೊಂದು ಬರಹಕ್ಕೆ ಹೊಸ ಬಲ್ಬೇ ಬೇಕು, ಅದನ್ನು ಹರುಕೊಬಾಯಿ ಜಪಾನಿನಿಂದ ಕಳಿಸುತ್ತಿದ್ದಳು. ಆಮೇಲೆ ಜಾಲರಿಗೆ ಬಣ್ಣ ಹಿಂಡಿ, ಕೆಳಗೊಂದು ಕಾರ್ಡು ಇಟ್ಟು, ಮುಚ್ಚಳ ಒತ್ತುವುದು, ತೆಗೆಯುವುದು. ಒಂದು ಕೈ ಸಾಕು. ರಾಣೆಬೆನ್ನೂರಿನ ಅಂಗಡಿಗಳ ಸ್ಕ್ರೀನ್ ಪ್ರಿಂಟಿಂಗಿಗೆ ಒಂದು ಕೈ ಚೌಕಟ್ಟು ಹಿಡಿಯಬೇಕು, ಇನ್ನೊಂದು ಬಣ್ಣ ಎಳೆಯಬೇಕು. ರತ್ನಾ ಅದನ್ನೂ ಕಲಿಯಲು ಹೋಗಿದ್ದಳು. ಚೌಕಟ್ಟು ಹಿಡಿಯುವವರನ್ನು ಕಾಯುವುದೇ ಕೆಲಸವಾಯಿತೆಂದು ಬಿಟ್ಟು ಬಂದಿದ್ದಳು.

ಗೊಕ್ಕೊ ಬಂದ ಮೇಲೆ ಲಗ್ನಪತ್ರಿಕೆ ಒತ್ತಲು ಕುಳಿತಳು. ಅರಿಷಿಣದ ಬಣ್ಣ, ಕುಂಕುಮದ ಬಣ್ಣ, ಎರಡೂ ಒಂದೇ ಒತ್ತಿಗೆ ಮೂಡುತ್ತಿದ್ದವು. ಮೊದಮೊದಲು ಒಬ್ಬ ಹಿರಿಯರು ಬಾಗಿಲಲ್ಲಿ ನಿಂತು ಅನುಮಾನ ಮಾಡಿದರು. "ಎಡಗೈಲೆ ಒತ್ತಿದ ಪತ್ರಿಕಾನ ದೇವರ ಮುಂದ ಹ್ಯಾಂಗ ಇಡೂದವಾ?"

"ಇದಕ್ಕ ಎಡಾ ಬಲಾ ಇಲ್ರಿ ಕಾಕಾ," ಅಂದಳು ರತ್ನಾ. "ಬರದದ್ದು ಮಿಂಚು. ನಾ ಬರೇ ಮುಚ್ಚಳಾ ಮುಚ್ಚಾಕಿ."

ಕಾಕಾ ಒಳಗೆ ಬಂದು ಕುಳಿತರು. ನಾಲ್ಕು ಹೆಣ್ಣುಮಕ್ಕಳ ತಂದೆ ಅವರು. ನಾಲ್ಕೂ ಲಗ್ನದ ಪತ್ರಿಕೆ ಇವಳ ಹತ್ತಿರವೇ ಆದವು. ಹಾಗೆ ನೋಡಿದರೆ ಕರೆಯುವುದನ್ನು ಮರೆತಿದ್ದ ಮಂದಿಯೇ ಇವಳ ಹೊಸ್ತಿಲಿಗೆ ಬಂದು, ಯಾರ್ಯಾರನ್ನು ಕರೆಯಬೇಕು ಅನ್ನುವುದನ್ನು ಇವಳ ಕೈಯಲ್ಲಿ ಅಚ್ಚು ಹಾಕಿಸಿಕೊಂಡು ಹೋದರು.

ಆ ಯಂತ್ರ ಮಾಡುವುದನ್ನು ಅದರ ಕಂಪನಿ ನಿಲ್ಲಿಸುತ್ತದೆ ಎಂದು ಹರುಕೊಬಾಯಿ ಫೋನು ಮಾಡಿದ್ದು ಎರಡು ಸಾವಿರದ ಎಂಟರಲ್ಲಿ. ಅವರ ದೇಶದಲ್ಲಿ ಹೊಸ ವರ್ಷಕ್ಕೆ ಮನೆಮನೆಯಲ್ಲೂ ಶುಭಾಶಯದ ಕಾರ್ಡು ಒತ್ತಲು ಅದು ಬೇಕಿತ್ತಂತೆ. ಈಗ ಕಂಪ್ಯೂಟರು ಬಂದು ಯಾರಿಗೂ ಬೇಡವಾಗಿತ್ತು. ಯಂತ್ರ ಹೋದರೆ ಅದರ ಹಿಂದೆ ಬಲ್ಬೂ ಹೋಗುತ್ತದೆ. ಆದರೆ ಅದನ್ನು ಪ್ರೀತಿಸುವ ಮಂದಿ ಊರೂರಿನಲ್ಲಿ ಇದ್ದಾರೆ, ಒಟ್ಟುಗೂಡಿ ಕಂಪನಿಯನ್ನು ಕೇಳಿಕೊಳ್ಳುತ್ತಾರೆ, ರತ್ನಾ ಬಂದು ಒಂದು ಮಾತು ಹೇಳಿದರೆ ಕಂಪನಿಯವರ ಮನಸ್ಸು ಕರಗೀತು ಎಂದಳು. ಟಿಕೀಟು ಆ ಮಂದಿಯೇ ಕಳಿಸಿದರು. ಜೊತೆಗೆ ಒಬ್ಬರು ಬೇಕಲ್ಲ, ಅದಕ್ಕೆ ನಾನು.

ರಾಣೆಬೆನ್ನೂರು ಸ್ಟೇಶನ್

ಪಾಸ್‌ಪೋರ್ಟಿನ ಸಲುವಾಗಿ ಹಾವೇರಿಗೆ ತಿರುಗಿ ತಿರುಗಿ ಆ ಬಸ್ಸಿನ ಕಂಡಕ್ಟರು ನಮ್ಮನ್ನು "ಜಪಾನ್ ಬಾಯಾರ" ಎಂದು ಕರೆಯುವ ತನಕ ಬಂದಿದ್ದ. ಕಡೆಗೊಂದು ದಿನ ರಾಣೆಬೆನ್ನೂರಿನಲ್ಲಿ ರೈಲು ಹತ್ತಿದೆವು. ಬೆಂಗಳೂರು ತನಕ ರೈಲು, ಅಲ್ಲಿಂದ ಮುಂದೆ ವಿಮಾನ.

ಕಳಿಸಲು ಬಂದ ಮೈದುನ ಕಿಟಕಿಗೆ ನಿಂತು ಅದೇ ಅದೇ ಮಾತು ಹೇಳುತ್ತಿದ್ದ. "ವೈನಿ, ಆಕಿನ್ನ ಒಬ್ಬಾಕಿನ್ನ ಬಿಡಬ್ಯಾಡ್ರಿ. ಜಾಸ್ತಿ ಮಾತಾಡಾಕ ಬಿಡಬ್ಯಾಡ್ರಿ. ಕಂಪನಿಯವ್ರು ದೊಡ್ಡ ಮಂದಿ."

"ನಾ ಏನ್ ಜಗಳಾಡಾಕ ಹೊಂಟೇನಿ?" ಅಂದಳು ರತ್ನಾ.

"ಬೇಡಾಕ ಹೊಂಟೀದಿ. ಬೇಡಾಕ ಹೋದಾವ್ರು ತಲಿ ಬಗ್ಗಸಬೇಕು."

"ಬೇಡಾಕಲ್ಲ. ಕೇಳಾಕ." ರತ್ನಾ ಸೆರಗನ್ನು ಸುತ್ತಿ ಸೊಂಟಕ್ಕೆ ಸಿಗಿಸಿಕೊಂಡಳು. "ಕೈ ಹೋದಾಗ ಸೈತ ನಾ ಯಾರ ಮುಂದೂ ಸೆರಗ ಒಡ್ಡಿಲ್ಲ. ನಿನಗ ಗೊತ್ತೈತಿ."

ಅವನಿಗೆ ಗೊತ್ತಿತ್ತು.

ಟೋಕಿಯೊ, ಹರುಕೊಬಾಯಿಯ ಮನೆ

ಬಾಯಿ ಇದ್ದೂ ಮೂಕಿಯಾಗುವುದು ಅಂದರೆ ಏನು ಅನ್ನುವುದು ನನಗೆ ಟೋಕಿಯೊದ ರೈಲಿನಲ್ಲಿ ತಿಳಿಯಿತು. ಕಾಳು ಹಾಕಿದರೆ ಕೆಳಗೆ ಬೀಳದಷ್ಟು ಮಂದಿ. ಒಬ್ಬರಾದರೂ ಒಬ್ಬರ ಸಂಗಡ ಮಾತಾಡಬೇಕಲ್ಲ? ನಮ್ಮ ಕಡೆಯ ಪ್ಯಾಸೆಂಜರಿನಲ್ಲಿ ಬ್ಯಾಡಗಿಯಲ್ಲಿ ಹತ್ತಿದವರು ಹಾವೇರಿ ಮುಟ್ಟುವುದರೊಳಗೆ ಎದುರಿನವರ ಊರು, ಬಳಗ, ಸೊಸೆಯ ನಡತೆ ಎಲ್ಲ ತಿಳಿದುಕೊಂಡು, ಇಳಿಯುವಾಗ ಒಂದು ಹಿಡಿ ಶೇಂಗಾ ಕೊಟ್ಟು ಹೋಗುತ್ತಾರೆ. ಇಲ್ಲಿ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಮಾಡಿದ ಹುಡುಗಿ ಕೂಡ ಎದ್ದು, ಬಗ್ಗಿ, ಮಾತಿಲ್ಲದೆ ಇಳಿದು ಹೋದಳು.

"ಯಕ್ಕಾ, ಯಾರರ ಸತ್ತಾರೇನ?" ಎಂದು ರತ್ನಾ ಪಿಸುಗುಟ್ಟಿದಳು.

ಹರುಕೊಬಾಯಿಯ ಮನೆ ಏಳನೇ ಅಂತಸ್ತಿನಲ್ಲಿ, ನಮ್ಮ ದೇವರ ಕೋಣೆ ಮತ್ತು ಅಡಿಗೆ ಮನೆ ಕೂಡಿಸಿದಷ್ಟು. ಆಕೆಯ ಹಿಂದಿ ಪುಸ್ತಕದ ಹಿಂದಿ, ನಮ್ಮದು ಬ್ಯಾಡಗಿ ಪೇಟೆಯಲ್ಲಿ ಸಾಬರ ಬಾಯಿಂದ ಕಲಿತದ್ದು. ಆಕೆ ಅಂದದ್ದರಲ್ಲಿ ಅರ್ಧ ನಮಗೆ, ನಾವು ಅಂದದ್ದರಲ್ಲಿ ಅರ್ಧ ಆಕೆಗೆ ತಿಳಿಯುತ್ತಿತ್ತು. ಉಳಿದದ್ದನ್ನು ಕೈ ಮಾಡಿ ತೋರಿಸುತ್ತಿದ್ದೆವು.

ಸಂಜೆ ನಾವು ಊರಿನಿಂದ ಒಯ್ದ ಮೆಣಸಿನಕಾಯಿ ಹಾಕಿ ಬ್ಯಾಳಿಗೆ ಒಗ್ಗರಣೆ ಕೊಟ್ಟೆ. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ಆದರೂ ಹೊಗೆ ಹೊಗೆಯೇ. ಚುರ್ ಅಂದದ್ದೇ ತಡ, ಮನೆಯೊಳಗೆ ಕಾಣದ ಹೆಣ್ಣೊಬ್ಬಳು ಮೆತ್ತಗೆ, ಬಹಳ ಮರ್ಯಾದೆಯಿಂದ ಏನೋ ಹೇಳತೊಡಗಿದಳು.

"ಯಾರೋ ಬಂದಾರ ನೋಡ ಯಕ್ಕಾ," ಅಂದಳು ರತ್ನಾ.

ನಾನು ಬಾಗಿಲು ತೆಗೆದು ನೋಡಿದೆ, ಯಾರೂ ಇಲ್ಲ. ಹರುಕೊಬಾಯಿ ಓಡಿ ಬಂದು ಕೆಮ್ಮುತ್ತ ಕುರ್ಚಿ ಹತ್ತಿ ಛತ್ತಿಗೆ ಹಚ್ಚಿದ ಒಂದು ಬಟ್ಟಲನ್ನು ಒತ್ತಿ ಹಿಡಿದಳು. ಮನೆಗೆ ಬೆಂಕಿ ಬಿದ್ದಿದೆ ಎಂದು ಹೇಳುವ ಯಂತ್ರವಂತೆ. "ಬೆಂಕಿ ಬಿದ್ದದ್ದನ್ನ ಇಷ್ಟ ಸಮಾಧಾನದಿಂದ ಹೇಳತಾರೇನ?" ಎಂದು ರತ್ನಾ ನಕ್ಕಳು. ಆ ಪ್ರವಾಸದಲ್ಲಿ ಅವಳು ಬಾಯಿ ತುಂಬ ನಕ್ಕದ್ದು ಅದೊಂದೇ ಸಲ.

ಉಂಡ ಮೇಲೆ ಗೊಕ್ಕೊ ಅಂದರೆ ಏನು ಎಂದು ಕೇಳಿದೆವು. ಹರುಕೊಬಾಯಿ ಹೇಳಲೋ ಬೇಡವೋ ಎನ್ನುವ ಹಾಗೆ ಮಾಡಿದಳು. ಸಣ್ಣ ಮಕ್ಕಳು ಅಂಗಡಿ ಆಟ, ಅಡಿಗೆ ಆಟ, ಲಗ್ನದ ಆಟ ಆಡುತ್ತಾರಲ್ಲ, ಆ ಸುಳ್ಳು ಸುಳ್ಳೇ ಆಟಕ್ಕೆ ಅವರಲ್ಲಿ ಗೊಕ್ಕೊ ಎನ್ನುತ್ತಾರಂತೆ. ಎಲ್ಲರೂ ಪ್ರಿಂಟಿಂಗಿನ ಆಟ ಆಡಲಿ ಎಂದು ಆ ಹೆಸರು.

ರತ್ನಾ ತಟ್ಟೆಯ ಅಂಚಿನ ಮೇಲೆ ಬೆರಳಾಡಿಸುತ್ತ ಕುಳಿತಳು. "ಆಟ ಸಾಕು ಅಂದ್ರ ಯಾರ್ ಬ್ಯಾಡ ಅಂತಾರ?" ಅಂದಳು.

ಟೋಕಿಯೊ, ಕಂಪನಿಯ ಕೋಣೆ

ಕಂಪನಿಗೆ ಹೋದವರಲ್ಲಿ ನಾವಿಬ್ಬರು, ಹರುಕೊಬಾಯಿ, ಮೊರಿತಾ ಎಂಬ ಮುದುಕರು, ಇನ್ನೂ ಕೆಲವರು. ಮೊರಿತಾ ಅಜ್ಜ ಕ್ಷೌರಿಕರು. ತಮ್ಮ ಗಿರಾಕಿಗಳಿಗೆ ವರ್ಷ ವರ್ಷ ಕಾರ್ಡು ಒತ್ತಿ ಕಳಿಸುವ ಹವ್ಯಾಸ. ಗೊಕ್ಕೊ ಉಳಿಸಬೇಕೆಂದು ಮೊದಲು ಎದ್ದು ನಿಂತವರು ಅವರೇ ಅಂತೆ. ಎಲ್ಲರೂ ಉಳಿಸಿರಿ ಉಳಿಸಿರಿ ಎಂದು ಒತ್ತಿದ ಕಾರ್ಡುಗಳನ್ನು ಹೊರಲಾರದ ಹಾಗೆ ಹೊತ್ತು ತಂದಿದ್ದರು. ಬೆಕ್ಕು, ಮೀನು, ಚಂದಪ್ಪ, ಏನೆಲ್ಲ ಚಿತ್ರ. ರತ್ನಾ ಊರಿನಲ್ಲೇ ಒಂದನ್ನು ಒತ್ತಿ ತಂದಿದ್ದಳು. ತೋರಣದ ಚಿತ್ರ, ಅದರ ಕೆಳಗೆ ಕನ್ನಡದಲ್ಲಿ "ಇದು ನಿಲ್ಲದಿರಲಿ" ಎಂಬ ಎರಡು ಶಬ್ದ. ಹೊರಡುವ ಮುಂದೆ ನಾಲ್ಕೂ ಮೂಲೆಗೆ ಅರಿಷಿಣ ಹಚ್ಚಿದಳು. ಶುಭದ ಕಾಗದ ಮೂಲೆ ಖಾಲಿಯಿಟ್ಟು ಹೋಗಬಾರದಲ್ಲ.

ಮೂವರು ಅಧಿಕಾರಿಗಳು ಒಳಗೆ ಬಂದು ಬಗ್ಗಿದರು. ನಾವೂ ಬಗ್ಗಿದೆವು. ಅವರು ಮತ್ತೆ ಬಗ್ಗಿದರು. ಇದು ಎಲ್ಲಿಗೆ ನಿಲ್ಲುತ್ತದೆ ಎಂದು ತಿಳಿಯದೆ ನನ್ನ ನಡ ಹಿಡಿದುಕೊಂಡಿತು. ಆಮೇಲೆ ಹಿರಿಯ ಅಧಿಕಾರಿ ತನ್ನ ಹೆಸರಿನ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ರತ್ನಾಳ ಮುಂದೆ ಚಾಚಿದ. ಅಲ್ಲಿ ಕೊಡುವುದೂ ಎರಡು ಕೈಯಿಂದ, ತೆಗೆದುಕೊಳ್ಳುವುದೂ ಎರಡು ಕೈಯಿಂದ. ಒಂದೇ ಕೈ ಮುಂದೆ ಮಾಡಿದರೆ ಅವಮಾನ. ಎಡ ಬಲದ ಚಿಂತೆ ಬ್ಯಾಡಗಿಯಲ್ಲಿ ಬಿಟ್ಟು ಬಂದೆವು ಅಂದುಕೊಂಡರೆ ಇಲ್ಲಿ ಬೇರೊಂದು ಲೆಕ್ಕ. ರತ್ನಾ ಎಡಗೈ ಎತ್ತಿದವಳು ಅರ್ಧದಲ್ಲೇ ನಿಲ್ಲಿಸಿದಳು. ಅಧಿಕಾರಿ ಆಗ ಅವಳ ಸೆರಗಿನ ಮರೆಯನ್ನು ನೋಡಿದ. ಅವನ ಕಾರ್ಡು ಗಾಳಿಯಲ್ಲೇ ಉಳಿಯಿತು.

ನಾನು ಸರಿದು ನಿಂತು ನನ್ನ ಬಲಗೈಯನ್ನು ಅವಳ ಎಡಗೈಯ ಪಕ್ಕಕ್ಕೆ ಚಾಚಿದೆ. ಒಂದು ಅವಳದು, ಒಂದು ನನ್ನದು. ಹಾಗೆ ಕಾರ್ಡು ತೆಗೆದುಕೊಂಡೆವು. ಮೊರಿತಾ ಅಜ್ಜ ಮೂಗಿನಲ್ಲೇ ಹೂಂ ಅಂದರು, ಶಹಬ್ಬಾಸ್ ಅಂದ ಹಾಗೆ.

ರತ್ನಾ ತನ್ನ ಮಾತು ಹೇಳಿದಳು. ಅವಳೆಂದದ್ದನ್ನು ನಾನು ಪೇಟೆಯ ಹಿಂದಿಗೆ, ಹರುಕೊಬಾಯಿ ಅವರ ಭಾಷೆಗೆ. ಎರಡು ಸಲ ನೀರು ಬೆರೆತ ಹಾಲಿನ ಹಾಗೆ ಅದು ಅವರನ್ನು ಮುಟ್ಟಿತೋ ಏನೋ. ಅವಳು ಅಂದದ್ದು ಇಷ್ಟೇ:

"ಮಷಿನ್ ಮಾಡಬ್ಯಾಡ್ರಿ. ನನ್ನದು ಇನ್ನೂ ಗಟ್ಟಿ ಐತಿ. ಬಲ್ಬ್ ಒಂದ ಮಾಡ್ರಿ. ನಿಮಗ ಇದು ಆಟ ಇರಬಹುದು. ನಮ್ಮೂರಾಗ ಮಂದಿ ನನ್ನ ಮನಿ ಬಾಗಲಾ ಬಡಿಯೂದು ಇದರ ಸಲುವಾಗಿ. ಇದು ಹೋತಂದ್ರ ಯಾರೂ ಬಡಿಯಂಗಿಲ್ಲ."

ಹಿರಿಯ ಅಧಿಕಾರಿ ಕಣ್ಣು ಮುಚ್ಚಿ ಕೇಳಿದ. ಬಲ್ಬು ಮಾಡುವ ಯಂತ್ರಗಳನ್ನು ಈಗಾಗಲೇ ಬಿಚ್ಚಿಹಾಕಿದ್ದಾರೆ, ಉಳಿದದ್ದು ಗೋದಾಮಿನಲ್ಲಿ ಇರುವಷ್ಟೇ, ಅದೂ ಅಂಗಡಿಗಳಿಗೆ ಹಂಚಿಕೆಯಾಗಿದೆ ಎಂದು ಹೇಳಿದ. ಇಷ್ಟು ಪ್ರೀತಿ ಇಟ್ಟದ್ದಕ್ಕೆ ಕೃತಜ್ಞತೆ ಹೇಳಿದ. ಆಮೇಲೆ ಮೂವರೂ ಎದ್ದು ನಿಂತು, ಇದುವರೆಗೆ ಬಗ್ಗದಷ್ಟು ಆಳಕ್ಕೆ ಬಗ್ಗಿ ಹಾಗೆಯೇ ನಿಂತರು. ನಮ್ಮ ಕಡೆ ಇಲ್ಲ ಅನ್ನುವವರು ಮುಖ ತಿರುವುತ್ತಾರೆ, ಬೈಯುತ್ತಾರೆ, ನಾಳೆ ಬರ್ರಿ ಅನ್ನುತ್ತಾರೆ. ತಿರುಗಿ ನಾಲ್ಕು ಮಾತು ಆಡಬಹುದು. ಮೂರು ನೆತ್ತಿಗಳ ಎದುರು ಯಾರು ಏನು ಆಡಬೇಕು?

ಚಹಾ ತಂದ ಹುಡುಗಿ ಕಾರ್ಡುಗಳನ್ನು ಒಪ್ಪವಾಗಿ ಜೋಡಿಸುತ್ತಿದ್ದಳು. ರತ್ನಾಳ ಕಾರ್ಡು ಕೈಗೆ ಬಂದಾಗ ಮೂಲೆಯ ಅರಿಷಿಣ ಅವಳ ಬೆರಳಿಗೆ ಹತ್ತಿತು. ಹಾದಿಯಲ್ಲಿ ಏನೋ ಚೆಲ್ಲಿ ಕಲೆಯಾಗಿದೆ ಅಂದುಕೊಂಡಳು, ಪಾಪ. ಒಳ್ಳೆಯ ಮನೆಯ ಹುಡುಗಿ ಇರಬೇಕು, ಹೊರಗಿನವರ ಸಾಮಾನು ಹೊಲಸಾದದ್ದು ಅವಳಿಗೆ ತಡೆಯಲಿಲ್ಲ. ಮೆತ್ತನೆಯ ಕಾಗದ ತೆಗೆದುಕೊಂಡು ನಾಲ್ಕೂ ಮೂಲೆಯನ್ನು ಒರೆಸಿದಳು. ಹಳದಿ ಹೋಗುವ ತನಕ ತಿಕ್ಕಿದಳು. ಬರೀ ತೋರಣ ಉಳಿದ ಕಾರ್ಡನ್ನು ಎಲ್ಲದರ ಮೇಲಿಟ್ಟು ನಮ್ಮತ್ತ ನೋಡಿ ಮುಗುಳ್ನಕ್ಕಳು.

"ನಡಿ ಯಕ್ಕಾ," ಅಂದಳು ರತ್ನಾ. "ಆತು."

ಟೋಕಿಯೊ, ಮೊರಿತಾ ಅಜ್ಜನ ಅಂಗಡಿ

ಕಂಪನಿಯಿಂದ ನೇರ ಮೊರಿತಾ ಅಜ್ಜನ ಅಂಗಡಿಗೆ ಬಂದೆವು. ಮುಂದೇನು ಅನ್ನುವುದನ್ನು ಅಲ್ಲಿ ಕೂತು ಮಾತಾಡುವುದೆಂದು ಮೊದಲೇ ಗೊತ್ತಾಗಿತ್ತು. ಬಾಗಿಲಿಗೆ ರಜೆಯ ಹಲಗೆ ತೂಗುಬಿಟ್ಟು, ಕ್ಷೌರದ ಕುರ್ಚಿಗಳಲ್ಲಿ ಕೆಲವರು, ನೆಲದ ಮೇಲೆ ಕೆಲವರು ಕುಳಿತರು. ಸುತ್ತಲೂ ಕನ್ನಡಿ. ಇದ್ದ ಮಂದಿಗಿಂತ ಹೆಚ್ಚು ಮಂದಿ ಇದ್ದ ಹಾಗೆ ಕಾಣುತ್ತಿತ್ತು. ಕಂಪನಿಗೆ ಬರಲಾಗದವರೂ ಬಂದಿದ್ದರು, ಬೆಳಗಿನಿಂದ ಅಲ್ಲೇ ಕಾದಿದ್ದವರು. ಹೋಗಿ ಬಂದವರ ಮುಖ ನೋಡಿಯೇ ಅವರು ಸರಿದು ಜಾಗ ಮಾಡಿಕೊಟ್ಟರು.

ನಾವು ತಿಳಿದದ್ದು ಇವರು ಇನ್ನೊಂದು ಕಡೆ ಹೋಗೋಣ ಅನ್ನುತ್ತಾರೆ, ಮೇಲಿನವರನ್ನು ನೋಡೋಣ ಅನ್ನುತ್ತಾರೆ ಎಂದು. ನಮ್ಮಲ್ಲಾದರೆ ಅಷ್ಟರಲ್ಲಿ ಒಬ್ಬರು ಎದ್ದು ನಿಂತು ಧಿಕ್ಕಾರ ಕೂಗಿ, ಇನ್ನೊಬ್ಬರು ನಾವು ಆರಿಸಿದ ಆಮದಾರರ ಹೆಸರು ಹೇಳಿ, ಮತ್ತೊಬ್ಬರು ಆಮದಾರರಿಂದೇನಾದೀತು ಎಂದು ಜಗಳ ತೆಗೆದು, ಕಡೆಗೆ ಎಲ್ಲರೂ ಕೂಡಿ ಮಿರ್ಚಿ ತಿನ್ನುತ್ತಿದ್ದರು. ಇಲ್ಲಿ ಮೆಲ್ಲಗೆ, ಒಬ್ಬರಾದ ಮೇಲೆ ಒಬ್ಬರು, ಸಾಲಿನಲ್ಲಿ ಮಾತಾಡಿದರು. ಹರುಕೊಬಾಯಿ ನಮಗೆ ಹೇಳುವುದನ್ನು ನಿಲ್ಲಿಸಿದ್ದಳು.

"ಏನಂತಾರ?" ಎಂದು ಕೇಳಿದೆ.

ಆಕೆ ಕರವಸ್ತ್ರ ಮಡಚುತ್ತ, ಬಿಚ್ಚುತ್ತ ಹೇಳಿದಳು. ಎಲ್ಲರ ಮನೆಯಲ್ಲೂ ಒಂದಿಷ್ಟು ಬಲ್ಬು ಉಳಿದಿವೆ, ಜಾಲರಿ ಉಳಿದಿವೆ. ನಮಗೆ ಇದು ಹವ್ಯಾಸ, ಬೇರೊಂದು ಹಿಡಿಯುತ್ತೇವೆ. ಅವನ್ನೆಲ್ಲ ರತ್ನಾಗೆ ಕೊಟ್ಟುಬಿಡೋಣ ಎನ್ನುತ್ತಿದ್ದಾರೆ. ಇಂದು ಬರುವಾಗಲೇ ತಂದಿದ್ದಾರೆ.

ಬರುವಾಗಲೇ ತಂದಿದ್ದಾರೆ. ಆ ಮಾತು ನನಗೆ ತಡವಾಗಿ ತಿಳಿಯಿತು, ರತ್ನಾಗೆ ಕೂಡಲೇ ತಿಳಿಯಿತು.

"ಅಂದ್ರ ಕಂಪನಿಗೆ ಹೋಗೂಕಿನ್ನ ಮೊದಲ ಇವ್ರು ಆಸೆ ಬಿಟ್ಟಿದ್ರು," ಅಂದಳು. "ನನ್ನ ಕರಿಸಿದ್ದು ಗೆಲ್ಲಾಕಲ್ಲ. ಹಂಚಿ ಮುಗಸಾಕ."

ಹರುಕೊಬಾಯಿಗೆ ಕನ್ನಡ ತಿಳಿಯದಿದ್ದರೂ ತಲೆ ತಗ್ಗಿಸಿದಳು.

ಮೊರಿತಾ ಅಜ್ಜ ಕನ್ನಡಿಯ ಕೆಳಗಿನ ಡ್ರಾವರಿನಿಂದ ಒಂದು ಡಬ್ಬಿ ತೆಗೆದು, ಎರಡೂ ಕೈಯಲ್ಲಿ ಹಿಡಿದು ಮುಂದೆ ಬಂದರು. ಅವರ ಹಿಂದೆ ಉಳಿದವರು ಸಾಲು ಹಚ್ಚಿದರು. ಒಬ್ಬೊಬ್ಬರ ಎರಡು ಕೈಯಲ್ಲೂ ಬಲ್ಬು. ಇಷ್ಟನ್ನು ಒಂದು ಕೈಯಲ್ಲಿ ಹೇಗೆ ತೆಗೆದುಕೊಳ್ಳುವುದು? ಮೊದಲಿನ ಹಾಗೆ ನಾನು ಕೈ ಸೇರಿಸಿದರೂ ಹಿಡಿಸುವುದಲ್ಲ. ಹೆಣ್ಣುಮಕ್ಕಳಿಗೆ ಇರುವುದು ಒಂದೇ ದಾರಿ, ಸೆರಗು. ನಾನು ಅವಳ ಸೆರಗಿಗೆ ಕೈ ಹಾಕಿದೆ. ಸೊಂಟಕ್ಕೆ ಸಿಗಿಸಿದ್ದನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಬ್ಯಾಡ ಯಕ್ಕಾ. ಸೆರಗ ಒಡ್ಡಂಗಿಲ್ಲ ನಾನು."

"ಹುಚ್ಚಿ, ಮುದುಕರು ನಿಂತಾರ ನೋಡ."

"ನಿಲ್ಲಲಿ. ನಾ ಏನ್ ಕೇಳಾಕ ಬಂದಿದ್ದೆ? ಭಿಕ್ಷಾ ಕೇಳಾಕ ಬಂದಿದ್ನೇನ?"

ಮೊರಿತಾ ಅಜ್ಜ ಡಬ್ಬಿ ಚಾಚಿ ಹಿಡಿದೇ ಇದ್ದರು. ಅವರ ಹಿಂದೆ ನಿಂತ ಹೆಣ್ಣುಮಗಳು ಅಳುತ್ತಿದ್ದಳು. ಏನಾದರೂ ಹೇಳಬೇಕಿತ್ತು, ಬಾಯಿಗೆ ಬಂದದ್ದನ್ನು ಹೇಳಿದೆ.

"ಭಿಕ್ಷಾ ಯಾಕಂತೀ? ಉಡಿ ಅಂತ ತಿಳ್ಕೋ. ಹೆಣ್ಣಮಗಳು ತವರಮನಿಂದ ಹೊಳ್ಳಿ ಹೋಗಾಕತ್ತಾಳ, ತವರಿನವ್ರು ಉಡಿ ತುಂಬಾಕತ್ತಾರ."

"ಗಂಡಸರು ಎಲ್ಲೆರ ಉಡಿ ತುಂಬತಾರೇನ?"

"ಇವರ ದೇಶದಾಗ ತುಂಬತಾರ."

"ಖರೇ?"

"ಖರೇ."

ಅವಳು ನನ್ನ ಮುಖ ನೋಡಿದಳು. "ಉಡಿ ಅಂದ್ರ ಅಕ್ಕಿ ಬೇಕು," ಅಂದಳು.

ನಾನು ಹರುಕೊಬಾಯಿಗೆ ಹೇಳಿದೆ, ಹರುಕೊಬಾಯಿ ಮೊರಿತಾ ಅಜ್ಜನ ಹೆಂಡತಿಗೆ ಹೇಳಿದಳು. ಅಜ್ಜಿ ಮಹಡಿಯ ಮೇಲಿನ ತಮ್ಮ ಮನೆಗೆ ಹತ್ತಿ ಹೋಗಿ ಒಂದು ಬಟ್ಟಲು ಅಕ್ಕಿ ತಂದರು. ದುಂಡನೆಯ ಅಕ್ಕಿ, ಮುತ್ತಿನ ಹಾಗೆ. ಹೇಗೆ ಹಾಕಬೇಕೆಂದು ನಾನು ಬೊಗಸೆ ಮಾಡಿ ತೋರಿಸಿದೆ. ರತ್ನಾ ಸೆರಗು ಬಿಚ್ಚಿ, ಒಂದು ತುದಿಯನ್ನು ಕೈಯಲ್ಲಿ ಹಿಡಿದು, ಇನ್ನೊಂದನ್ನು ಬಲಗೈಯ ಮೊಣಕೈಯಲ್ಲಿ ಒತ್ತಿಕೊಂಡು, ಕಣ್ಣು ಕೆಳಗೆ ಮಾಡಿ ಕ್ಷೌರದ ಕುರ್ಚಿಯಲ್ಲಿ ಕುಳಿತಳು. ಅಜ್ಜಿಯ ಬೊಗಸೆಯಿಂದ ಅಕ್ಕಿ ಬಿತ್ತು. ಅದರ ಮೇಲೆ ಮೊರಿತಾ ಅಜ್ಜ ಬಲ್ಬುಗಳನ್ನು ಮೊಟ್ಟೆ ಇಡುವ ಹಾಗೆ ಒಂದೊಂದೇ ಇಟ್ಟರು. ಸಾಲು ಮುಂದೆ ಬಂತು. ಇಟ್ಟವರು ಬಗ್ಗಿ, ಹಿಂದೆ ಸರಿದು, ಗೋಡೆಗೆ ಹತ್ತಿ ನಿಂತರು. ಗಾಜಿಗೆ ಗಾಜು ತಾಗುವ ಸಪ್ಪಳ, ಅಕ್ಕಿ ಸರಿಯುವ ಸಪ್ಪಳ. ಎಲ್ಲ ಕನ್ನಡಿಯಲ್ಲೂ ರತ್ನಾ ಕುಳಿತಿದ್ದಳು.

ಎಷ್ಟೋ ಉಡಿ ತುಂಬುವುದನ್ನು ನೋಡಿದ್ದೇನೆ, ನಾನೇ ತುಂಬಿದ್ದೇನೆ. ಕಣ್ಣೀರು ಬಂದರೂ ಅದರ ಅಡಿಯಲ್ಲೊಂದು ನಗು ಇರುತ್ತದೆ, ಮತ್ತೆ ಬರುವಾಕಿ ಇವಳು ಎಂದು. ಅಲ್ಲಿ ಆ ನಗು ಇರಲಿಲ್ಲ.

ಮರಳಿ ಬ್ಯಾಡಗಿ

ಊರಿಗೆ ಬಂದ ಮೇಲೆ ರತ್ನಾ ಉಡಿಯ ಆ ಬಟ್ಟಲು ಅಕ್ಕಿಯನ್ನು ಬೇಯಿಸಿದಳು. ಅಂಟಂಟಾದ ಅನ್ನ. ಮನೆಯವರೆಲ್ಲ ಒಂದೊಂದು ತುತ್ತು ಉಂಡೆವು. ನಮ್ಮತ್ತೆ ಇದು ಅನ್ನವೋ ಗಂಜಿಯೋ ಎಂದು ಕೇಳಿ ಎರಡು ಸಲ ಹಾಕಿಸಿಕೊಂಡರು. ಬಲ್ಬುಗಳನ್ನು ಅವಳು ಹತ್ತಿಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು.

ಮೊದಲೇ ಮನೆಯಲ್ಲಿದ್ದ ಹಳೆಯ ಬಲ್ಬುಗಳಲ್ಲಿ ಕೆಲಸ ನಡೆಯಿತು. ಕದರಮಂಡಲಗಿಯ ಒಂದು ಲಗ್ನದ ಪತ್ರಿಕೆಗೆ ಅವೂ ತೀರಿದವು. ಅದಾದ ವಾರದಲ್ಲೇ ಕಾಕಾ ಬಂದರು. ನಾಲ್ಕು ಹೆಣ್ಣುಮಕ್ಕಳ ಪತ್ರಿಕೆ ಒತ್ತಿಸಿದ ಅದೇ ಕಾಕಾ. ಈಗ ತಮ್ಮನ ಮಗನ ಲಗ್ನ.

ರತ್ನಾ ಕುಳ್ಳಿರಿಸಿ ಚಹಾ ಕೊಟ್ಟಳು, ಎಡಗೈಯಿಂದಲೇ. ಅವರೂ ಇಸಗೊಂಡು ಕುಡಿದರು. ಆಮೇಲೆ ಹೇಳಿದಳು, "ರಾಣೆಬೆನ್ನೂರಿಗೆ ಹೋಗ್ರಿ ಕಾಕಾ. ಸ್ಟೇಶನ್ ಹಾದ್ಯಾಗ ಅಂಗಡಿ ಅದಾವ. ಈಗ ಕಂಪ್ಯೂಟರ್ ಮ್ಯಾಲ ಬಾಳ ಛಂದ ಮಾಡ್ತಾರ. ಗಣಪ್ಪನ್ನ ಬಂಗಾರದ ಬಣ್ಣದಾಗ ಕೂಡಸ್ತಾರ."

"ಯಾಕವಾ, ನಿನ್ನ ಮಷಿನ್ ಕೆಟ್ಟೈತೇನ?"

"ಕೆಟ್ಟಿಲ್ರಿ. ನಿಂತೈತಿ."

ನಾನು ಅಡಿಗೆ ಮನೆಯಿಂದ ಕೇಳಿ ಕೈಯಲ್ಲಿಯ ಸೌಟು ಕೆಳಗಿಟ್ಟು ಬಂದೆ. ಕಾಕಾ ಚಪ್ಪಲಿ ಮೆಟ್ಟಿ ಹೊರಗೆ ಹೋಗುವ ತನಕ ತಡೆದುಕೊಂಡೆ.

"ಟ್ರಂಕಿನ ತುಂಬ ಬಲ್ಬ್ ಇಟ್ಟಗೊಂಡು ಮಂದಿನ್ನ ರಾಣೆಬೆನ್ನೂರಿಗೆ ಕಳಸ್ತೀಯಲ್ಲ, ನಿನಗೇನ್ ತಲಿ ಕೆಟ್ಟೈತಿ?"

"ಅವು ಉಡ್ಯಾಗ ಬಂದಾವ ಯಕ್ಕಾ."

"ಬಂದ್ರ?"

"ಉಡಿ ಅಕ್ಕಿ ಯಾರರ ಮಾರತಾರೇನ? ಮಂದಿ ಮನಿಗೆ ಕೊಡತಾರೇನ? ಉಡಿ ತುಂಬಿಸಿಕೊಂಡಾಕಿ ತನ್ನ ಮನ್ಯಾಗ ಬೇಯಿಸಿ ಉಣಬೇಕು. ನಮ್ಮವ್ವ ಹಂಗ ಹೇಳ್ಯಾಳ. ನಿಮ್ಮವ್ವ ಬ್ಯಾರೆ ಹೇಳ್ಯಾಳೇನ?"

ನಮ್ಮವ್ವನೂ ಹಾಗೆಯೇ ಹೇಳಿದ್ದಳು. ಎಲ್ಲರ ಅವ್ವಂದಿರೂ ಹಾಗೆಯೇ ಹೇಳುತ್ತಾರೆ. ಉಡಿಯ ಅಕ್ಕಿಯ ಒಂದು ಕಾಳು ಹೊಸ್ತಿಲು ದಾಟಿದರೂ ತವರಿನ ಹಾರೈಕೆ ಅದರ ಹಿಂದೆ ಹೋಗುತ್ತದೆ ಎಂದು.

"ಅದು ಉಡಿ ಅಲ್ಲ ತಂಗೀ," ಅಂದೆ. "ಆ ಮಂದಿಗೆ ಉಡಿ ಅಂದ್ರ ಏನಂತ ಸೈತ ಗೊತ್ತಿಲ್ಲ. ಅವ್ರು ನಿನ್ನ ಕೆಲಸ ನಡೀಲಿ ಅಂತ ಕೊಟ್ಟಾರ. ಅಲ್ಲಿ ಆ ಹೊತ್ತಿನ್ಯಾಗ ನಿನ್ನ ಸಮಾಧಾನಕ್ಕ ನಾ ಒಂದು ಸುಳ್ಳ ಹೇಳೇನಿ."

"ನೀ ಸುಳ್ಳ ಹೇಳಿರಬಹುದು," ಅಂದಳು ರತ್ನಾ. "ನಾ ಖರೇ ಅಂತ ಸೆರಗ ಹಿಡದೇನಿ."

ಬಿಡು, ಹರುಕೊಬಾಯಿಗೆ ಫೋನು ಮಾಡಿ ಅವರ ಬಾಯಿಂದಲೇ ಹೇಳಿಸುತ್ತೇನೆ ಅಂದೆ. ಬೇಡ ಅಂದಳು. ಭಿಕ್ಷೆ ಎಂದು ಅವರೇ ಹೇಳಿದ ಮೇಲೆ ಅವನ್ನು ಮನೆಯಲ್ಲಿ ಇಟ್ಟುಕೊಳ್ಳುವುದಾದರೂ ಹೇಗೆ ಎಂದು ಕೇಳಿದಳು. ಮೈದುನ ಹೇಳಿ ನೋಡಿದ, ನಮ್ಮತ್ತೆ ಬೈದು ನೋಡಿದರು. ಆಮೇಲೆ ಅವರೂ ಬಿಟ್ಟರು. ಬಾಗಿಲು ಬಡಿಯುವವರು ಕಡಿಮೆಯಾಗಿ, ಈಗ ಯಾರೂ ಬಡಿಯುವುದಿಲ್ಲ.

"ಹಂಗಾದ್ರ ಅವು ಎಂದೂ ಉಪಯೋಗಕ್ಕ ಬರಂಗಿಲ್ಲೇನ?" ಎಂದು ಮೊನ್ನೆ ಮತ್ತೊಮ್ಮೆ ಕೇಳಿದೆ.

"ಯಾಕ ಬರಂಗಿಲ್ಲ? ಮನಿ ಲಗ್ನಕ್ಕ ಬರತಾವ," ಅಂದಳು.

ಅವಳಿಗೆ ಮಕ್ಕಳಿಲ್ಲ. ನನಗಿದ್ದವಳು ಒಬ್ಬಳೇ ಮಗಳು. ಅವಳ ಪತ್ರಿಕೆಯನ್ನು ರತ್ನಾಳೇ ಒತ್ತಿದ್ದಳು, ಆ ಲಗ್ನ ಆಗಿ ಹೋಯಿತು. ನಮ್ಮ ಮನೆಯಲ್ಲಿ ಇನ್ನು ಲಗ್ನವಾಗುವವರು ಯಾರೂ ಇಲ್ಲ.